ಬೀರುವಿನಲ್ಲಿ ಬಿದ್ದಿರುವ ಕ್ರೆಡಿಟ್ ಕಾರ್ಡ್

ತೊಂಡೇಬಾವಿಯ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಪತಿ ಮೊದಲು ಬೆಂಗಳೂರಿನ ಖಾಸಗಿ ಕಂಪೆನಿಯೊಂದರಲ್ಲಿದ್ದರು. ಬೆಳಗ್ಗೆ ರೈಲು ಹತ್ತಿ ಹೋದರೆ ಮರಳುವುದು ರಾತ್ರಿಯೇ. ಆ ದಿನಗಳಲ್ಲಿ ಆಫೀಸಿಗೆ ಬಂದ ಹುಡುಗರು "ಉಚಿತ ಸಾರ್, ಒಂದು ಸಹಿ ಸಾಕು" ಎಂದು ಎರಡು ಕ್ರೆಡಿಟ್ ಕಾರ್ಡ್ ಮಾಡಿಸಿಕೊಟ್ಟಿದ್ದರು. ಈಗ ಅವರು ಕೆಲಸ ಬಿಟ್ಟು ಊರಿನಲ್ಲೇ ಅಂಗಡಿ ಇಟ್ಟಿದ್ದಾರೆ. ಮೂರು ವರ್ಷದಿಂದ ಕಾರ್ಡುಗಳನ್ನು ಮುಟ್ಟಿಲ್ಲ. "ಬಡ್ಡಿಯ ವಸ್ತು ಮನೆಯಲ್ಲೇಕೆ, ಕತ್ತರಿಸಿ ಬಿಸಾಡಿ ಎನ್ನುತ್ತಾರೆ ಅತ್ತೆ. ಮುಚ್ಚಿಸಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ ಎನ್ನುತ್ತಾನೆ ಕಾಲೇಜಿಗೆ ಹೋಗುವ ಮಗ. ಇವರು, ಬಿದ್ದಿರಲಿ ಬಿಡು, ಅದೇನು ಅನ್ನ ಕೇಳುತ್ತದೆಯೇ ಎನ್ನುತ್ತಾರೆ. ನಾನು ಯಾರ ಮಾತು ಕೇಳಲಿ?"

ಮೊದಲು ಯಜಮಾನರ ಮಾತನ್ನೇ ನೋಡೋಣ. ಬೀರುವಿನಲ್ಲಿರುವ ಕಾರ್ಡ್ ಅನ್ನ ಕೇಳುತ್ತದೆ ಸಹೋದರಿ! ಎಷ್ಟೋ ಕಾರ್ಡುಗಳು ಮೊದಲ ವರ್ಷ ಮಾತ್ರ ಉಚಿತ. ಆಮೇಲೆ ವಾರ್ಷಿಕ ಶುಲ್ಕ ಶುರುವಾಗುತ್ತದೆ. ಶುಲ್ಕ 500 ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 18 ಜಿ.ಎಸ್.ಟಿ. ಸೇರಿ 590 ಆಯಿತು. ಆ ಬಿಲ್ಲು ಹೋಗುವುದು ಬೆಂಗಳೂರಿನ ಆಫೀಸಿನ ವಿಳಾಸಕ್ಕೋ, ಯಾರೂ ತೆರೆಯದ ಇ-ಮೇಲಿಗೋ. ಗಡುವು ದಾಟಿದರೆ ವಿಳಂಬ ಶುಲ್ಕ, ಅದಕ್ಕೂ ಜಿ.ಎಸ್.ಟಿ., ಮೇಲೆ ಬಡ್ಡಿ. ತಿಂಗಳಿಗೆ ಶೇ. 3.5 ಎಂದರೆ ಸಣ್ಣದಾಗಿ ಕಾಣುತ್ತದೆ, ವರ್ಷಕ್ಕೆ ಅದು ಶೇ. 42. ಇಂಥ ಬಡ್ಡಿ ಶೇ. 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಆದೇಶಿಸಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಒಂದು ರೂಪಾಯಿಯ ಸಾಮಾನನ್ನೂ ಕೊಳ್ಳದ ಮನೆಯ ಹೆಸರಿನಲ್ಲಿ ಬಡ್ಡಿಯ ಲೆಕ್ಕ ಬೆಳೆಯುವುದು ಹೀಗೆ.

ಇನ್ನೊಂದು ಅಪಾಯ ಹಳೆಯ ಸಿಮ್ಮಿನದು. ಬೆಂಗಳೂರಿನಲ್ಲಿದ್ದಾಗಿನ ಮೊಬೈಲ್ ನಂಬರನ್ನು ಬಿಟ್ಟಿದ್ದೀರಾ? ಬಿಟ್ಟ ನಂಬರನ್ನು ಕೆಲವು ತಿಂಗಳ ಬಳಿಕ ಕಂಪೆನಿಯವರು ಬೇರೊಬ್ಬರಿಗೆ ಕೊಡುತ್ತಾರೆ. ಕಾರ್ಡ್ ನಿಮ್ಮ ಬೀರುವಿನಲ್ಲಿ, ಅದರ ಓ.ಟಿ.ಪಿ. ಹೋಗುವುದು ಗುರುತಿಲ್ಲದವರ ಕೈಗೆ!

ಅತ್ತೆಯವರ ಮಾತಿನಲ್ಲಿ ತೂಕವಿದೆ. ಗಡುವು ಮೀರಿದರೆ ಬಡ್ಡಿ ಕೊಡುತ್ತೇನೆಂಬ ಷರತ್ತಿಗೆ ಕಾರ್ಡ್ ಪಡೆಯುವಾಗಲೇ ಸಹಿ ಬಿದ್ದಿರುತ್ತದೆ. 2000ದ ಸೆಪ್ಟೆಂಬರಿನಲ್ಲಿ ರಿಯಾದ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ, ಬಡ್ಡಿಯ ಷರತ್ತಿರುವ ಇಂಥ ಕಾರ್ಡನ್ನು ಗಡುವಿನೊಳಗೆ ಹಣ ಕಟ್ಟುವ ಉದ್ದೇಶವಿದ್ದರೂ ಬಳಸುವಂತಿಲ್ಲ ಎಂದು ನಿರ್ಣಯಿಸಿತು. ಅನಿವಾರ್ಯವಾದರೆ ಬಳಸಿ ಗಡುವಿನೊಳಗೆ ಕಟ್ಟಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಆದರೆ ನಿಮ್ಮ ಮನೆಯಲ್ಲಿ ಅನಿವಾರ್ಯವೆಂಬುದೇ ಇಲ್ಲವಲ್ಲ! ಬೇಡದ ವಸ್ತುವಿಗಾಗಿ ಆ ಷರತ್ತನ್ನು ಇಟ್ಟುಕೊಳ್ಳುವುದೇಕೆ? ಆದರೆ ಅತ್ತೆಯವರು ಹೇಳುವ ಕತ್ತರಿಯಿಂದ ಕೆಲಸವಾಗದು. ಕತ್ತರಿಸಿದರೆ ತುಂಡಾಗುವುದು ಪ್ಲಾಸ್ಟಿಕ್ ಮಾತ್ರ, ಖಾತೆ ಹಾಗೆಯೇ ಇರುತ್ತದೆ. ವರ್ಷದ ಶುಲ್ಕವೂ ಬರುತ್ತಲೇ ಇರುತ್ತದೆ.

ಇನ್ನು ಮಗನ ಭಯ. ಅದು ಸುಳ್ಳಲ್ಲ, ಆದರೆ ನಿಮಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ನಮಗೆ ಸಿಕ್ಕಿರುವ ಒಟ್ಟು ಮಿತಿಯಲ್ಲಿ ಎಷ್ಟನ್ನು ಬಳಸಿದ್ದೇವೆ ಎಂಬುದನ್ನೂ ಅದರಲ್ಲಿ ಲೆಕ್ಕ ಹಾಕುತ್ತಾರೆ. ಒಬ್ಬರಿಗೆ 50 ಸಾವಿರದ್ದೊಂದು, ಒಂದು ಲಕ್ಷದ್ದೊಂದು ಕಾರ್ಡ್ ಇದೆ, ಚಿಕ್ಕದರಲ್ಲಿ 30 ಸಾವಿರ ಖರ್ಚು ಮಾಡಿದ್ದಾರೆ ಎನ್ನಿ. ಒಟ್ಟು ಬಳಕೆ ಶೇ. 20. ದೊಡ್ಡ ಕಾರ್ಡನ್ನು ಮುಚ್ಚಿಸಿದೊಡನೆ ಅದೇ 30 ಸಾವಿರ ಶೇ. 60 ಆಗುತ್ತದೆ, ಸ್ಕೋರ್ ಇಳಿಯಬಹುದು. ನೀವು ಎರಡರಲ್ಲೂ ಏನೂ ಖರ್ಚು ಮಾಡಿಲ್ಲ. ಸೊನ್ನೆಯನ್ನು ಯಾವ ಮಿತಿಯ ಎದುರಿಗಿಟ್ಟರೂ ಸೊನ್ನೆಯೇ. ಖಾತೆಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆಂಬುದು ನಿಜ. ಆದರೆ ಮುಚ್ಚಿದ ಮಾತ್ರಕ್ಕೆ ಹಳೆಯ ಚರಿತ್ರೆ ಅಳಿಸಿಹೋಗುವುದಿಲ್ಲ, ವರ್ಷಗಟ್ಟಲೆ ದಾಖಲೆಯಲ್ಲಿರುತ್ತದೆ. ಸ್ಕೋರನ್ನು ನಿಜವಾಗಿ ಕೆಡಿಸುವುದು ಕಟ್ಟದೆ ಉಳಿದ ಬಾಕಿ, ಅದು 590 ರೂಪಾಯಿಯೇ ಆಗಿದ್ದರೂ. ಇಷ್ಟಕ್ಕೂ ಬಡ್ಡಿಯ ಸಾಲ ಬೇಡವೆನ್ನುವ ಮನೆಯವರು, ಮುಂದೆ ಬಡ್ಡಿಯ ಸಾಲ ಸುಲಭವಾಗಿ ಸಿಗಲೆಂದು ಕಾರ್ಡ್ ಸಾಕುವುದು ನನಗಂತೂ ಅರ್ಥವಾಗದು.

ಆದ್ದರಿಂದ ನನ್ನ ಉತ್ತರ: ಎರಡನ್ನೂ ಮುಚ್ಚಿಸಿ. ಬೇರೆ ಕಾರಣಕ್ಕೆ ಒಂದನ್ನು ಇಟ್ಟುಕೊಳ್ಳಲೇಬೇಕೆನ್ನುವ ಮನೆಯವರು ವಾರ್ಷಿಕ ಶುಲ್ಕವಿಲ್ಲದ ಹಳೆಯ ಕಾರ್ಡನ್ನು ಉಳಿಸಿಕೊಂಡು ಹೊಸದನ್ನು ಬಿಡುವುದು ಲೇಸು.

ಮುಚ್ಚಿಸುವುದು ಹೇಗೆ? ಇದಕ್ಕಾಗಿ ಗೌರಿಬಿದನೂರಿಗೋ ಬೆಂಗಳೂರಿಗೋ ಓಡಬೇಕಿಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಹಾಯವಾಣಿ, ಇ-ಮೇಲ್, ಬ್ಯಾಂಕಿನ ಮೊಬೈಲ್ ಆ್ಯಪ್ ಅಥವಾ ವೆಬ್‌ಸೈಟ್ ಮೂಲಕ ಕೇಳಿಕೊಳ್ಳಬಹುದು. ಅಂಚೆಯಲ್ಲೇ ಅರ್ಜಿ ಕಳಿಸಿ ಎಂದು ಅವರು ಸತಾಯಿಸುವಂತಿಲ್ಲ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೇ ದಂಡ ಕೊಡಬೇಕು. ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಬ್ಯಾಂಕೇ ತಿಳಿವಳಿಕೆ ಕಳಿಸಿ, 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಚ್ಚಬೇಕೆಂಬ ನಿಯಮವೂ ಅದರಲ್ಲಿದೆ. ಹಾಗೆಂದು ಅದನ್ನೇ ನಂಬಿ ಕೂರಬೇಡಿ. ಬಾಕಿ ತೀರಿದ್ದರೆ ಮಾತ್ರ ಎಂಬ ಷರತ್ತು ಅಲ್ಲಿಯೂ ಇದೆ. ಕಾರ್ಡಿನ ಮೇಲೆ ಶುಲ್ಕ ಬಿದ್ದಿದ್ದರೆ ಅದೇ ಬಾಕಿ.

ಫೋನ್ ಮಾಡುವ ಮುನ್ನ ಕೊನೆಯ ಸ್ಟೇಟ್‌ಮೆಂಟ್ ತರಿಸಿಕೊಂಡು ನೋಡಿ. ವಿಮೆಯ ಕಂತು, ಮೊಬೈಲ್ ಬಿಲ್ಲು ಮುಂತಾದವು ತಾನಾಗಿ ಕಡಿತವಾಗುವಂತೆ ಕಾರ್ಡಿಗೆ ಜೋಡಣೆಯಾಗಿದ್ದರೆ ಮೊದಲು ಬಿಡಿಸಿ. ಕರೆಯನ್ನು ಯಜಮಾನರೇ ಮಾಡಬೇಕು, ಕಾರ್ಡ್ ಅವರ ಹೆಸರಿನದು. ಅತ್ತಲಿಂದ ಮಾತನಾಡುವವರು "ಇನ್ನು ಮುಂದೆ ಜೀವನಪೂರ್ತಿ ಉಚಿತ ಮಾಡಿಕೊಡುತ್ತೇವೆ, ಮಿತಿ ಹೆಚ್ಚಿಸುತ್ತೇವೆ" ಎಂದು ಜೇನು ಸುರಿಸುತ್ತಾರೆ. ಬೇಡ ಎನ್ನುವ ಒಂದೇ ಮಾತನ್ನು ಎಷ್ಟು ಸಲವಾದರೂ ಹೇಳಲು ಅವರನ್ನು ತಯಾರು ಮಾಡಿ! ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ಬಾಕಿ ಇಲ್ಲವೆಂಬ ಪತ್ರವನ್ನು ಇ-ಮೇಲಿನಲ್ಲಾದರೂ ಪಡೆಯಿರಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಹೇಳುವ ಅಲ್‌ಬಕರ ಅಧ್ಯಾಯದ 282ನೇ ಸೂಕ್ತವೇ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ. ಸಾಲ ತೀರಿದ ಬರಹವನ್ನೂ ಅಷ್ಟೇ ಜೋಪಾನ ಮಾಡಬೇಡವೇ?

ಪತ್ರದಲ್ಲಿ ಕೇಳದ ಒಂದು ವಿಷಯವನ್ನು ನಾನೇ ಹೇಳುತ್ತೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡನ ಹೆಸರಿನಲ್ಲಿ ಎಷ್ಟು ಕಾರ್ಡುಗಳಿವೆ ಎಂದು ಹೆಂಡತಿಗೆ ಗೊತ್ತಿರುವುದಿಲ್ಲ. ಮೃತರ ಆಸ್ತಿಯನ್ನು ವಾರೀಸುದಾರರಿಗೆ ಹಂಚುವ ಮೊದಲು ಅವರ ಸಾಲ ತೀರಿಸಬೇಕೆಂಬುದು ನಮ್ಮ ನಿಯಮ. ಯಾವ ಸಾಲ, ಎಲ್ಲಿಯದು ಎಂದು ತಿಳಿಯದೆ ತೀರಿಸುವುದು ಹೇಗೆ? ನಿಮ್ಮ ಪರ್ಸಿನಲ್ಲೇ ನಿಮ್ಮ ಹೆಸರು ಅಚ್ಚಾದ ಕಾರ್ಡ್ ಇದೆಯೇ ಎಂದೂ ನೋಡಿ. ಅದು ಅವರ ಖಾತೆಗೆ ಸೇರಿದ ಹೆಚ್ಚುವರಿ ಕಾರ್ಡ್ ಆಗಿರಬಹುದು. ಅದರಲ್ಲಿ ಮಾಡಿದ ಖರ್ಚಿಗೂ ಹೊಣೆ ಅವರೇ. ಮೂಲ ಖಾತೆ ಮುಚ್ಚಿದರೆ ಅದೂ ನಿಲ್ಲುತ್ತದೆ.

ಮುಚ್ಚಿಸಿ ಒಂದೂವರೆ ತಿಂಗಳ ಬಳಿಕ ಸಿಬಿಲ್ ವರದಿ ತೆಗೆಸಿ. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಮೊಬೈಲಿನಲ್ಲಿ ತೆಗೆಯುವ ಕೆಲಸವನ್ನು ಮಗನಿಗೇ ವಹಿಸಿ. ಆ ಕಾರ್ಡಿನ ಎದುರು 'ಕ್ಲೋಸ್ಡ್' ಎಂದಿರಬೇಕು. 'ಸೆಟಲ್ಡ್' ಎಂದಿದ್ದರೆ ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡವರೆಂದು ಅರ್ಥ, ಅದು ಹೆಸರಿಗೆ ಕಪ್ಪು ಚುಕ್ಕೆ. ತಪ್ಪಿದ್ದರೆ ಬಾಕಿ ಇಲ್ಲವೆಂಬ ಪತ್ರ ತೋರಿಸಿ ಬ್ಯಾಂಕಿಗೆ ಬರೆದು ಸರಿಪಡಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಖರ್ಚಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ದೂರು ಸಲ್ಲಿಸುವ ಕ್ರಮವನ್ನು ತಿಳಿಸುತ್ತಾರೆ.