ಉಚ್ಚಾರಣೆಗೆ ಸಂಬಳ

ದಕ್ಷಿಣ ಕೊರಿಯಾದಲ್ಲಿ ಶಾಲೆ ಬಿಟ್ಟ ಮಕ್ಕಳು ಮನೆಗೆ ಹೋಗುವುದಿಲ್ಲ, ಇನ್ನೊಂದು ಶಾಲೆಗೆ ಹೋಗುತ್ತಾರೆ. ಹಣ ತೆತ್ತು ಕಲಿಯುವ ಈ ಎರಡನೆಯ ಶಾಲೆಗೆ ಅಲ್ಲಿ 'ಹಗ್ವೊನ್' ಎಂದು ಹೆಸರು. ನಮ್ಮ ಟ್ಯೂಷನ್ ಮನೆಗಳ ದೊಡ್ಡಣ್ಣನೆಂದು ತಿಳಿಯಬಹುದು. ಗಣಿತಕ್ಕೊಂದು, ಪಿಯಾನೋ ವಾದನಕ್ಕೊಂದು, ಇಂಗ್ಲಿಷಿಗೊಂದು ಹೀಗೆ ಬೀದಿಬೀದಿಗೂ ಇವೆ. ಸೋಲ್ ನಗರದ ದೇಚಿ-ದೊಂಗ್ ಎಂಬ ಬಡಾವಣೆಯಂತೂ ಇವುಗಳಿಂದಲೇ ಪ್ರಸಿದ್ಧವಾಗಿದೆ. 2024ನೆಯ ವರ್ಷದಲ್ಲಿ ಆ ದೇಶದ ಶಾಲಾಮಕ್ಕಳಲ್ಲಿ ನೂರಕ್ಕೆ 80 ಮಂದಿ ಯಾವುದಾದರೊಂದು ಬಗೆಯ ಖಾಸಗಿ ಪಾಠ ಹೇಳಿಸಿಕೊಂಡರೆಂದೂ, ಅದಕ್ಕಾಗಿ ತಂದೆತಾಯಿಗಳು ಸುರಿದ ಹಣ 29 ಲಕ್ಷ ಕೋಟಿ ವೊನ್ ಮೀರಿತೆಂದೂ ಅಲ್ಲಿನ ಸರ್ಕಾರದ ಲೆಕ್ಕವೇ ಹೇಳುತ್ತದೆ. ಇದನ್ನು ತಡೆಯುವ ಯತ್ನವೂ ನಡೆಯದೆ ಇಲ್ಲ. 1980ರಲ್ಲಿ ಸೈನಿಕ ಆಡಳಿತವು ಖಾಸಗಿ ಪಾಠವನ್ನು ನಿಷೇಧಿಸಿತು. 2000ದಲ್ಲಿ ಸಂವಿಧಾನ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತು. ರಾತ್ರಿ ಹತ್ತು ಗಂಟೆಗೆ ಬಾಗಿಲು ಹಾಕಬೇಕೆಂಬ ಸೋಲ್ ನಗರದ ನಿಯಮವನ್ನು ಅದೇ ನ್ಯಾಯಾಲಯ 2009ರಲ್ಲಿ ಎತ್ತಿಹಿಡಿಯಿತು. ರಾತ್ರಿ ಹತ್ತು ಗಂಟೆಯೆಂದರೆ ಮಕ್ಕಳಿಗೆ ತೋರಿಸಿದ ದಯೆ ಎಂದು ಎಣಿಸುವ ದೇಶವದು!

ಇಂಗ್ಲಿಷ್ ಹಗ್ವೊನ್‌ಗಳಲ್ಲಿ ಪಾಠ ಹೇಳಲು ಪರದೇಶಗಳಿಂದ ತರುಣ ತರುಣಿಯರು ಬರುತ್ತಾರೆ. ಅವರು ಬರೆದುಕೊಂಡಿರುವ ಅನುಭವಗಳನ್ನು ಈ ವರ್ಷ ನಾನು ಆಸಕ್ತಿಯಿಂದ ಓದಿದೆ. ಆಸಕ್ತಿಗೆ ಕಾರಣವಿದೆ. ಆ ಕೆಲಸಕ್ಕೆ ಕೇಳುವ ವಿದ್ಯಾರ್ಹತೆ ಒಂದು ಪದವಿ ಮಾತ್ರ. ವಿಷಯ ಯಾವುದಾದರೂ ಆಗಬಹುದು. ಬಿ.ಎ. ಓದಿದವನಿಗೆ ಏನು ಕೆಲಸ ಸಿಗುತ್ತದೆಂದು ಕೇಳುವವರು ನಮ್ಮೂರಿನಲ್ಲಿ ಕಡಿಮೆಯಿಲ್ಲ. ನಮ್ಮ ಮನೆತನದಲ್ಲಿ ಇಷ್ಟು ದೂರ ಓದಿದವನು ನಾನೊಬ್ಬನೇ ಆದ್ದರಿಂದ ಉತ್ತರ ಕೊಡುವ ಹೊಣೆಯೂ ನನ್ನ ಮೇಲೆಯೇ ಬಿದ್ದಿದೆ.

ಆ ಉಪಾಧ್ಯಾಯರ ದಿನ ಸಾಮಾನ್ಯವಾಗಿ ಮಧ್ಯಾಹ್ನ ಆರಂಭವಾಗುತ್ತದೆ. ಹಳದಿ ಬಣ್ಣದ ವ್ಯಾನುಗಳಲ್ಲಿ ಮಕ್ಕಳು ಬಂದಿಳಿಯುತ್ತಾರೆ. ಮನೆಯಲ್ಲಿ ಮಿನ್‌ಜುನ್ ಆಗಿದ್ದ ಹುಡುಗ ಇಲ್ಲಿ ಕೆವಿನ್ ಆಗುತ್ತಾನೆ. ಪ್ರತಿ ಮಗುವಿಗೂ ಹೀಗೆ ಒಂದು ಇಂಗ್ಲಿಷ್ ಹೆಸರು. ಒಂದರ ಹಿಂದೊಂದು ತರಗತಿ, ನಡುವೆ ಉಸಿರಾಡಲು ಐದು ನಿಮಿಷ. ಶಾಲೆಯಲ್ಲಿ ಒಮ್ಮೆ ದಣಿದು ಬಂದ ಮಕ್ಕಳನ್ನು ಎಚ್ಚರವಾಗಿಡುವುದೇ ಅರ್ಧ ಪಾಠ. 'ಬಸ್' ಎಂದು ಹೇಳಿಕೊಟ್ಟರೆ ಮಕ್ಕಳು 'ಬೊಸು' ಎನ್ನುತ್ತಾರೆ, ಏಕೆಂದರೆ ಅವರ ಭಾಷೆಯಲ್ಲಿ ಪದ ಹಾಗೆ ನಿಲ್ಲುವುದಿಲ್ಲ, ಕೊನೆಗೊಂದು ಸ್ವರ ಬೇಕು. ನಮ್ಮ 'ಬಸ್ಸು' ಬೇರೆಯೇ? ಕಾಫಿಯ ನಡುವಿನ ಅಕ್ಷರವೂ ಅವರಲ್ಲಿಲ್ಲ. ನಮ್ಮ ಹಿರಿಯರಂತೆ 'ಪ'ಕಾರದಿಂದಲೇ ಕುಡಿಯುತ್ತಾರೆ.

ಸಂಬಳ ತಿಂಗಳಿಗೆ 20 ಲಕ್ಷ ವೊನ್‌ಗೆ ಮೇಲ್ಪಟ್ಟು. ಕೇಳಲು ಭಾರಿ, ಅಲ್ಲಿನ ಕನಿಷ್ಠ ವೇತನಕ್ಕಿಂತ ಬಹಳ ದೂರವೇನಲ್ಲ. ಇರಲು ಒಂದು ಕೋಣೆಯ ಮನೆಯನ್ನು ಬಹುಮಟ್ಟಿಗೆ ಮಾಲೀಕನೇ ಕೊಡುತ್ತಾನೆ. ಒಂದು ವರ್ಷದ ಕರಾರು ಮುಗಿಸಿದವರಿಗೆ ಕಾನೂನಿನಂತೆ ಇನ್ನೊಂದು ತಿಂಗಳ ಸಂಬಳ ಸಲ್ಲಬೇಕು. ಅದನ್ನು ಉಳಿಸುವುದಕ್ಕೆಂದೇ ಹನ್ನೊಂದನೆಯ ತಿಂಗಳಲ್ಲಿ ಮನೆಗೆ ಕಳುಹಿಸುವ ಮಾಲೀಕರೂ ಇದ್ದಾರೆಂಬ ದೂರು ಈ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ನಡುವೆ ಬೇರೆ ಹಗ್ವೊನ್ ಸೇರೋಣವೆಂದರೆ ವೀಸಾ ಹಳೆಯ ಮಾಲೀಕನಿಗೆ ಕಟ್ಟಿಹಾಕಿದೆ, ಅವನ ಒಪ್ಪಿಗೆಯ ಪತ್ರ ಬೇಕು. ಉದ್ಯೋಗ, ಸೂರು, ದೇಶದಲ್ಲಿರುವ ಅನುಮತಿ ಇವು ಮೂರೂ ಒಬ್ಬನ ಮುಷ್ಟಿಯಲ್ಲಿದ್ದರೆ ಇಪ್ಪತ್ತೆರಡರ ತರುಣ ಏನು ತಾನೆ ಮಾತನಾಡಿಯಾನು? ಈ ಉಪಾಧ್ಯಾಯರಿಗೆ ಎಚ್.ಐ.ವಿ. ಪರೀಕ್ಷೆಯನ್ನು ಕಡ್ಡಾಯ ಮಾಡಿದ್ದರು; ಕೊರಿಯಾದ ಉಪಾಧ್ಯಾಯರಿಗೆ ಅದು ಇರಲಿಲ್ಲ. ನ್ಯೂಜಿಲೆಂಡಿನ ಉಪಾಧ್ಯಾಯಿನಿಯೊಬ್ಬರು ಒಪ್ಪದೆ ವಿಶ್ವಸಂಸ್ಥೆಯ ಜನಾಂಗಭೇದ ನಿವಾರಣಾ ಸಮಿತಿಯವರೆಗೆ ಹೋದರು. 2015ರಲ್ಲಿ ಸಮಿತಿ ಅವರ ಪರವಾಗಿ ತೀರ್ಮಾನಿಸಿತು, 2017ರಲ್ಲಿ ಆ ಪರೀಕ್ಷೆ ನಿಂತಿತು. ಒಬ್ಬ ಉಪಾಧ್ಯಾಯಿನಿಯ ಹಟಕ್ಕೆ ಇಷ್ಟು ಬಲವಿರುವುದು ಸಂತೋಷದ ವಿಷಯ.

ಆದರೆ ಈ ಏರ್ಪಾಡಿನಲ್ಲಿ ನನಗೆ ಹೆಚ್ಚು ಚುಚ್ಚಿದ ಸಂಗತಿ ಬೇರೆ. ಆ ವೀಸಾ ಸಿಗುವುದು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ ಪಾಸ್‌ಪೋರ್ಟು ಇದ್ದವರಿಗೆ. ಭೂಗರ್ಭಶಾಸ್ತ್ರ ಓದಿದ ಕೆನಡಾದವನು ಇಂಗ್ಲಿಷ್ ಉಪಾಧ್ಯಾಯನಾಗಬಹುದು. ಇಂಗ್ಲಿಷ್ ಸಾಹಿತ್ಯದಲ್ಲಿಯೇ ಎಂ.ಎ. ಮಾಡಿದ ಫಿಲಿಪ್ಪೀನ್ಸಿನವಳು ಆಗುವಂತಿಲ್ಲ. ವಿನೋದವೆಂದರೆ, ಇಂಗ್ಲಿಷ್ ಕಲಿಯಲೆಂದು ಕೊರಿಯಾದ ವಿದ್ಯಾರ್ಥಿಗಳೇ ಫಿಲಿಪ್ಪೀನ್ಸಿನ ಸೆಬು, ಬಾಗಿಯೊ ನಗರಗಳಿಗೆ ಹೋಗುತ್ತಾರೆ. 2024ರಲ್ಲಿ ಸೋಲ್ ನಗರಕ್ಕೆ ಫಿಲಿಪ್ಪೀನ್ಸಿನಿಂದ ನೂರು ಮಂದಿಯನ್ನು ಕರೆಸಿದರು. ಅದು ಶಿಶುಪಾಲನೆಗಾಗಿ. ಮಗುವನ್ನು ಎತ್ತಿಕೊಂಡು ಇಂಗ್ಲಿಷ್ ಆಡಬಹುದು, ಕರಿಹಲಗೆಯ ಮುಂದೆ ನಿಂತು ಆಡಕೂಡದು!

ಮಕ್ಕಳಿಗೆ ಶುದ್ಧ ಉಚ್ಚಾರಣೆ ಕೇಳಿಸುವುದು ಬೇಡವೇ ಎಂದು ಕೆಲವರು ಕೇಳಬಹುದು. ಬೇಡವೆನ್ನುವುದಿಲ್ಲ. ಆದರೆ ಇಷ್ಟೆಲ್ಲ ಹಣ ಹೋಗುವುದು ಕಟ್ಟಕಡೆಗೆ ನವೆಂಬರಿನಲ್ಲಿ ನಡೆಯುವ 'ಸುನುಂಗ್' ಎಂಬ ಪ್ರವೇಶ ಪರೀಕ್ಷೆಯ ಕಡೆಗೆ. ಅದರ ಇಂಗ್ಲಿಷ್ ಪತ್ರಿಕೆಯ 45 ಪ್ರಶ್ನೆಗಳಲ್ಲಿ 17 ಕೇಳಿ ಬರೆಯುವಂಥವು. ಆ ಹೊತ್ತಿನಲ್ಲಿ ಸದ್ದಾಗದಿರಲೆಂದು ದೇಶದ ವಿಮಾನಗಳನ್ನೇ ಏರದಂತೆ, ಇಳಿಯದಂತೆ ತಡೆಯುತ್ತಾರೆ. ಉಳಿದವೆಲ್ಲ ಓದಿ ಉತ್ತರಿಸುವಂಥವು. ಬಾಯಿ ತೆರೆದು ಮಾತನಾಡುವ ಪ್ರಶ್ನೆ ಒಂದೂ ಇಲ್ಲ.

ಇನ್ನೊಂದು ಮಾತು. ಕೊರಿಯಾ ಭಾಷೆಯಲ್ಲಿ ನಮ್ಮ ಕನ್ನಡದಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. 'ಎ', 'ದಿ' ಎಂಬ ಉಪಪದಗಳಿಲ್ಲ. ಇಂಗ್ಲಿಷಿನಲ್ಲಿ ನಾಮಪದದ ಮುಂದೆ ನಿಲ್ಲುವ 'ಇನ್', 'ಟು'ಗಳು ನಮ್ಮ ವಿಭಕ್ತಿಗಳಂತೆ ಹಿಂದೆ ಅಂಟಿಕೊಳ್ಳುತ್ತವೆ. ಇಲ್ಲಿ 'ದಿ' ಏಕೆ ಬಂತು ಎಂದು ಮಗು ಕೇಳಿದರೆ ತೊಟ್ಟಿಲಲ್ಲೇ ಇಂಗ್ಲಿಷ್ ಕಲಿತವನು 'ಹಾಗೆ ಹೇಳಿದರೇ ಸರಿ' ಎನ್ನುತ್ತಾನೆ. ಆ ಮಗು ಎಡವುವ ಕಲ್ಲು ಎಲ್ಲಿದೆಯೆಂದು ಬಲ್ಲವನು ಅದೇ ಕಲ್ಲನ್ನು ಎಡವಿ ಬಂದವನು. ಹಗ್ವೊನ್‌ಗಳಲ್ಲಿ ವ್ಯಾಕರಣ ಹೇಳುವ ಕೊರಿಯಾದ ಉಪಾಧ್ಯಾಯರು ಅಂಥವರು, ಆದರೆ ಜಾಹೀರಾತಿನ ಚಿತ್ರದಲ್ಲಿ ನಗುವವನು ಪರದೇಶಿ. ನಮ್ಮಲ್ಲಿಯೂ ವಾಕ್ಯರಚನೆಯನ್ನು ಬೆವರು ಸುರಿಸಿ ಕಲಿಸಿದ ಸರ್ಕಾರಿ ಶಾಲೆಯ ಮೇಷ್ಟರಿಗಿಂತ ನಾಲಗೆ ಹೊರಳಿಸಿ ನಾಲ್ಕು ಮಾತಾಡುವವರನ್ನು ಬಲ್ಲವರೆಂದು ಎಣಿಸುವುದಿಲ್ಲವೆ?

ಭಾರತೀಯರಿಗೆ ಒಂದು ಕಿರುಬಾಗಿಲು ಉಂಟು. 2010ರಲ್ಲಿ ಜಾರಿಗೆ ಬಂದ ಎರಡು ದೇಶಗಳ ಆರ್ಥಿಕ ಒಪ್ಪಂದದಂತೆ ನಮ್ಮವರೂ ಕೊರಿಯಾದ ಶಾಲೆಗಳಲ್ಲಿ ಇಂಗ್ಲಿಷ್ ಪಾಠಕ್ಕೆ ಹೋಗಬಹುದು, ಆದರೆ ಸಹಾಯಕ ಉಪಾಧ್ಯಾಯರಾಗಿ. ಪದವಿಯ ಜೊತೆಗೆ ಇಂಗ್ಲಿಷ್ ಬೋಧನೆಯ ಅರ್ಹತಾಪತ್ರವೂ ಇರಬೇಕು. ಏಳು ದೇಶಗಳ ಪದವೀಧರನಿಗೆ ಹಗ್ವೊನ್‌ನಲ್ಲಿ ಬೇಡವಾದ ಪತ್ರ ನಮಗೆ ಬೇಕು. ಬೋಧನೆ ಕಲಿತವನೇ ಬೋಧಿಸಲಿ ಎಂಬುದು ಸರಿಯಾದ ನಿಯಮವೇ. ಅದು ಎಲ್ಲರಿಗೂ ಇರಲಿ ಎಂಬುದಷ್ಟೇ ನನ್ನ ವಾದ. ಫಲಿತಾಂಶ ಬಂದೊಡನೆ ನಾನು ಬಿ.ಎಡ್.ಗೆ ಅರ್ಜಿ ಹಾಕುವವನಿದ್ದೇನೆ. ಕೊರಿಯಾಕ್ಕಾಗಿ ಅಲ್ಲ. ನಮ್ಮ ಹೋಬಳಿಯ ಪ್ರೌಢಶಾಲೆಯಲ್ಲಿಯೂ 'ದಿ' ಏಕೆ ಬಂತೆಂದು ಕೇಳುವ ಮಕ್ಕಳಿದ್ದಾರೆ.