ಲೋ ಗೇರಿನ ಲೆಕ್ಕ, ಗುಡ್ಡದ ಲೆಕ್ಕ

ಜೀಪಿನ ಟ್ರಾನ್ಸ್‌ಫರ್ ಕೇಸಿಗೆ ಯಾವ ಅನುಪಾತದ ಗೇರ್ ತಕ್ಕುದು ಎಂಬ ಚರ್ಚೆಗೆ ಪರಿಸರದ ಪತ್ರಿಕೆಯಲ್ಲೇನು ಕೆಲಸ ಎಂದು ಕೆಲವರು ಕೇಳಬಹುದು. ಕಾರ್ಕಳದ ಮಾಳದಿಂದ ಮೇಲೇರುವ ಕುದುರೆಮುಖದ ತಪ್ಪಲಿನಲ್ಲಿ ಮಣ್ಣು ಎಷ್ಟು ಬೇಗ ಹೊಳೆ ಸೇರುತ್ತದೆ ಎಂಬುದನ್ನು ನಿರ್ಧರಿಸುವ ಸಂಗತಿಗಳಲ್ಲಿ ಈ ಹಲ್ಲುಚಕ್ರಗಳೂ ಸೇರಿವೆ. ಆದುದರಿಂದ ಈ ಚರ್ಚೆಯನ್ನು ಸಾಹಸಪ್ರಿಯರ ಕೂಟಗಳಿಗಷ್ಟೇ ಬಿಟ್ಟುಕೊಡಲಾಗದು.

ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನ ಲೋ ಅನುಪಾತ 1.97. ಯುದ್ಧಾನಂತರ ರೈತರನ್ನು ಕಣ್ಣಮುಂದಿಟ್ಟು ಅದೇ ಕಂಪನಿ ತಯಾರಿಸಿದ ನಾಗರಿಕ ಜೀಪಿನಲ್ಲಿ ಅದು 2.46 ಆಯಿತು. ಮಾರುತಿ ಜಿಪ್ಸಿಯದು 2.27; ಮಹೀಂದ್ರಾ ಥಾರ್‌ನದು 2.48. ಅಂದರೆ ನೇಗಿಲು ಎಳೆಯಲು, ಹೊರೆ ಹೊತ್ತು ಗುಡ್ಡ ಹತ್ತಲು ಎರಡೂವರೆಯ ಆಸುಪಾಸು ಸಾಕೆಂಬುದನ್ನು ಹಲವು ದಶಕಗಳ ಅನುಭವವೇ ಹೇಳಿದೆ. ಬಂಡೆ ಹತ್ತುವ ಕ್ರೀಡೆಗೆಂದೇ ರೂಪುಗೊಂಡ ಜೀಪ್ ರುಬಿಕಾನ್‌ನಲ್ಲಿ ಮಾತ್ರ ಅದು 4. ಈಗ ನಮ್ಮ ಗುಡ್ಡಗಳಿಗೂ ಆ ನಾಲ್ಕೇ ಬೇಕೆಂಬ ಹಂಬಲ ಹುಟ್ಟಿಕೊಂಡಿದೆ.

ಲೆಕ್ಕ ಹಾಕಿ ನೋಡೋಣ. ಹಳೆಯ ನಾಗರಿಕ ಜೀಪಿನ ಮೊದಲನೆಯ ಗೇರ್ 2.8, ಲೋ 2.46, ಆಕ್ಸಲ್ 5.38, ಗುಣಿಸಿದರೆ ಸುಮಾರು 37. ಎಂಜಿನಿನ 14 ಕಿಲೋಗ್ರಾಂ-ಮೀಟರ್ ತಿರುಚುಬಲವು ನಷ್ಟ ಕಳೆದ ಮೇಲೂ ಚಕ್ರದ ಅಂಚಿನಲ್ಲಿ ಸುಮಾರು 1,200 ಕಿಲೋಗ್ರಾಂ ಎಳೆತವಾಗುತ್ತದೆ. ಲೋ ಅನುಪಾತವನ್ನು ನಾಲ್ಕಕ್ಕೆ ಏರಿಸಿದರೆ ಅದು 1,900ನ್ನು ಮೀರುತ್ತದೆ. ಆದರೆ ಹೊರೆ ಸಹಿತ 1,500 ಕಿಲೋಗ್ರಾಂ ತೂಗುವ ಗಾಡಿಗೆ ತೊಯ್ದ ಜೇಡಿಯ ಮೇಲೆ ಸಿಗುವ ಹಿಡಿತ ಹೆಚ್ಚೆಂದರೆ ತೂಕದ ಮೂರನೆಯ ಒಂದು ಪಾಲು, ಅಂದರೆ 500. ಹಳೆಯ ಗೇರೇ ನೆಲ ತಾಳುವುದಕ್ಕಿಂತ ಎರಡು ಪಟ್ಟು ಮಿಕ್ಕಿ ಎಳೆಯಬಲ್ಲದು. ಉಳಿದ ಬಲ ಎಲ್ಲಿಗೆ ಹೋಗುತ್ತದೆ? ಚಕ್ರ ನಿಂತಲ್ಲೇ ಸುತ್ತುತ್ತದೆ, ಮಣ್ಣು ಕಿತ್ತು ಹಾರುತ್ತದೆ.

ಇದಕ್ಕೆ ಒಂದು ಪ್ರತಿವಾದವಿದೆ. ಅನುಪಾತ ಹೆಚ್ಚಿದಷ್ಟೂ ಗಾಡಿ ನಿಧಾನ, ನಿಧಾನವಾದಷ್ಟೂ ನೆಲಕ್ಕೆ ಹಾನಿ ಕಡಿಮೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ಹಳೆಯ ಜೀಪು ಗಂಟೆಗೆ ನಾಲ್ಕು ಕಿಲೋಮೀಟರಿಗಿಂತ ತುಸು ಕಡಿಮೆ, ನಾಲ್ಕರ ಗೇರಿನಲ್ಲಾದರೆ ಎರಡಕ್ಕಿಂತ ತುಸು ಹೆಚ್ಚು ಚಲಿಸುತ್ತದೆ. ಆದರೆ ಮೊದಲಿನದೇ ಮನುಷ್ಯನ ನಡಿಗೆಗಿಂತ ನಿಧಾನವಲ್ಲವೇ? ಅದಕ್ಕಿಂತಲೂ ನಿಧಾನದ ಪ್ರಯೋಜನ ತೋರುವುದು ದೊಡ್ಡ ಬಂಡೆಗಳ ಮೇಲೆ. ನಮ್ಮಲ್ಲಿ ಅಂಥ ಬಂಡೆಗಳಿರುವುದು ಹೊಳೆ-ತೋಡುಗಳ ಪಾತ್ರದಲ್ಲಿ. ಮೊದಲ ಮಳೆಗೆ ಹತ್ತುಮೀನು ಮೊಟ್ಟೆಯಿಡಲು ಏರಿಬರುವ ದಾರಿಯಲ್ಲಿ. ಹೀಗೆ, ಹೋಗಬಾರದ ಜಾಗಕ್ಕೆ ಹೋಗುವ ಶಕ್ತಿಯನ್ನು ಕೊಂಡು ತಂದು, ನಿಧಾನವಾಗಿ ಹೋದೆವೆಂದು ಸಮರ್ಥಿಸಿಕೊಳ್ಳುವುದು ಯಾವ ನ್ಯಾಯ?

ದೊಡ್ಡ ಟಯರಿನ ಕಥೆಯೂ ಇದೇ. 29 ಇಂಚಿನ ಬದಲು 33 ಇಂಚಿನ ಟಯರ್ ಹಾಕಿದರೆ ಎಳೆತ ಶೇಕಡಾ 12ರಷ್ಟು ಕುಗ್ಗುತ್ತದೆ. ಅದನ್ನು ತುಂಬಿಸಲು ಗೇರ್ ಬದಲಿಸಬೇಕಾಗುತ್ತದೆ. ತಾನೇ ತಂದುಕೊಂಡ ಕೊರತೆಗೆ ತಾನೇ ಮದ್ದು ಹುಡುಕುವ ವ್ಯಾಪಾರವಿದು.

ಈ ತಾಲೂಕಿನಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇಳಿಜಾರಿನಲ್ಲಿ ಚಕ್ರ ಕೊರೆದ ಗೀರು ಆಟಿ ತಿಂಗಳು ಮುಗಿಯುವುದರೊಳಗೆ ಕೊರಕಲಾಗುತ್ತದೆ. ತೆಳುವಾದ ಮೇಲ್ಮಣ್ಣು ತೊಳೆದುಹೋಗಿ ಮುರಕಲ್ಲು ಹಲ್ಲು ಕಿರಿಯುತ್ತದೆ. ಆ ಮಣ್ಣು ಇಳಿಯುವುದು ಸ್ವರ್ಣೆಗೆ. ಸ್ವರ್ಣೆಯ ಬಜೆ ಅಣೆಕಟ್ಟಿನಿಂದಲೇ ಉಡುಪಿ, ಮಣಿಪಾಲಗಳಿಗೆ ಕುಡಿಯುವ ನೀರು. ಭದ್ರೆಗೆ ಇಳಿಯುತ್ತಿದ್ದ ಗಣಿಯ ಹೂಳಿನ ವಿರುದ್ಧ ಹೋರಾಡಿ, 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತುದನ್ನು ಕಂಡವರು ನಾವು. ಗಣಿಗೂ ಜೀಪಿಗೂ ಹೋಲಿಕೆ ಇಲ್ಲ, ನಿಜ. ಆದರೆ ಹೂಳು ಕಂಪನಿಯದಾದರೆ ಅಪರಾಧ, ವಿಹಾರಿಗಳದಾದರೆ ವಿನೋದ ಎಂಬ ಎರಡು ತಕ್ಕಡಿಗಳು ನಮ್ಮಲ್ಲಿರಬಾರದು.

ಹಾಗೆಂದು ಜೀಪನ್ನೇ ನಿಷೇಧಿಸಿ ಎನ್ನುವ ನಮ್ಮವರ ಮಾತನ್ನೂ ನಾನು ಒಪ್ಪಲಾರೆ. ಬಸ್ಸು ಬಾರದ ಮನೆಗಳಿಂದ ಅಡಿಕೆ ಇಳಿಯುವುದೂ, ಹೆರಿಗೆ ನೋವಿನ ಹೆಂಗಸು ಆಸ್ಪತ್ರೆ ಸೇರುವುದೂ ಜೀಪಿನಿಂದಲೇ. ಅವರಿಗೆ ಕಂಪನಿ ಕೊಟ್ಟ ಎರಡೂವರೆಯ ಅನುಪಾತ ಸಾಕು. ಸಾಲದೆಂದು ಕಂಡರೆ ಕೊರತೆ ಗೇರಿನಲ್ಲಿಲ್ಲ, ದಾರಿಯಲ್ಲಿದೆ. ಏರಿನಲ್ಲಿ ಚಕ್ರದ ಜಾಡಿಗೆ ಕಲ್ಲು ಹಾಸಿ, ಬದಿಗೆ ಚರಂಡಿ ತೆಗೆದು, ಅಲ್ಲಲ್ಲಿ ನೀರನ್ನು ಅಡ್ಡ ತಿರುಗಿಸಿದರೆ ಹಿಡಿತ ತಾನಾಗಿ ಹೆಚ್ಚುತ್ತದೆ. ಪಂಚಾಯತುಗಳು ಮೊದಲು ಮಾಡಬೇಕಾದ ಕೆಲಸ ಇದು.

ವಿಹಾರದ ಜೀಪುಗಳು ಇರುವ ರಸ್ತೆಯಲ್ಲೇ ಓಡಲಿ. ಹೊಳೆಯ ಪಾತ್ರ, ಹುಲ್ಲುಗಾವಲು, ಶೋಲಾ ಕಾಡುಗಳು ಚಕ್ರಗಳಿಗೆ ಪೂರ್ಣವಾಗಿ ಮುಚ್ಚಿರಲಿ. ಗೇರ್ ಆರಿಸುವವರು ಎಂಜಿನಿನ ಬಲವನ್ನು ಅಳೆಯುವ ಮೊದಲು ನೆಲದ ತಾಳ್ಮೆಯನ್ನು ಅಳೆಯಲಿ. ಗೇರ್ ಮುರಿದರೆ ಬದಲಿ ಸಿಗುತ್ತದೆ. ಗುಡ್ಡದ ಮೇಲ್ಮಣ್ಣಿಗೆ ಬದಲಿ ಯಾವ ಅಂಗಡಿಯಲ್ಲೂ ಸಿಗದು.