ರಾತ್ರಿಯ ಕಿವಿ

ಸಂಗೀತದ ಹುಚ್ಚು ಹಿಡಿದವರು ನಾಲ್ವರು ಒಂದೆಡೆ ಸೇರಿದರೆ ಮಾತು ಬೇಗನೆ ಸಂಗೀತವನ್ನು ಬಿಟ್ಟು, ಅದನ್ನು ಕೇಳಿಸುವ ಯಂತ್ರದ ಕಡೆಗೆ ಹೊರಳುತ್ತದೆ. ಆಗ ಯಾರಾದರೊಬ್ಬರು ಈ ಮಾತನ್ನು ಆಡಿಯೇ ಆಡುತ್ತಾರೆ: “ಸಂಜೆ ಏಳಕ್ಕೆ ಹಾಕಿದರೆ ಅದೇ ರೆಕಾರ್ಡು ಸಪ್ಪೆ. ರಾತ್ರಿ ಹನ್ನೊಂದರ ಮೇಲೆ ಹಾಕಿ ನೋಡಿ ಸ್ವಾಮಿ, ತಂಬೂರಿಯ ತಂತಿಗಳನ್ನು ಒಂದೊಂದಾಗಿ ಎಣಿಸಬಹುದು.” ಉಳಿದವರು ತಲೆದೂಗುತ್ತಾರೆ. ನಾನೂ ತಲೆದೂಗಿದವನೆ. ಅನುಭವವೇನೋ ಸುಳ್ಳಲ್ಲ, ಅದಕ್ಕೆ ನಾವು ಕೊಡುವ ಕಾರಣ ಮಾತ್ರ ತಪ್ಪು ಎಂಬುದು ಈಗ ನನ್ನ ಮತ. ಈ ಮತಕ್ಕೆ ಬಂದು ಮುಟ್ಟುವ ಮೊದಲು ಮಿತ್ರರೊಬ್ಬರ ಎರಡು ತಿಂಗಳ ಪಿಂಚಣಿಯನ್ನು ನಾನು ವ್ಯರ್ಥಮಾಡಿಸಿದ್ದೇನಾದ್ದರಿಂದ ಈ ಬರಹದಲ್ಲಿ ಪ್ರಾಯಶ್ಚಿತ್ತದ ಅಂಶವೂ ಸ್ವಲ್ಪ ಉಂಟು.

ನಾವು ಕೊಡುವ ಕಾರಣ ವಿದ್ಯುತ್ತು. ಸಂಜೆ ಊರೆಲ್ಲ ದೀಪ ಹಚ್ಚುತ್ತದೆ, ಪಂಪು ತಿರುಗುತ್ತದೆ, ಮಿಕ್ಸಿ ಅರೆಯುತ್ತದೆ, ವೋಲ್ಟೇಜು ಕುಗ್ಗುತ್ತದೆ. ನಡುರಾತ್ರಿಯಲ್ಲಿ ಅದು ಮತ್ತೆ ಮೇಲೇಳುತ್ತದೆ, ಅದರೊಡನೆ ಸಂಗೀತವೂ ಮೇಲೇಳುತ್ತದೆ. ಕೇಳುವುದಕ್ಕೆ ಎಷ್ಟು ಸಮಂಜಸವಾಗಿದೆ! ಈ ನಂಬಿಕೆ ಬರಿಯ ಭ್ರಮೆಯಿಂದ ಹುಟ್ಟಿದ್ದೂ ಅಲ್ಲ. ಹಳೆಯ ಟರ್ನ್‌ಟೇಬಲ್ಲುಗಳಲ್ಲಿ ಹಲವು, ಮನೆಗೆ ಬರುವ ವಿದ್ಯುತ್ತಿನ ಆವರ್ತಕ್ಕೆ ಹೆಜ್ಜೆ ಹಾಕುವ ಮೋಟಾರಿನಿಂದ ತಿರುಗುವಂಥವು. ಸೆಕೆಂಡಿಗೆ 50 ಆವರ್ತಗಳಿದ್ದರೆ ಮಾತ್ರ ರೆಕಾರ್ಡು ನಿಮಿಷಕ್ಕೆ ಮೂವತ್ತಮೂರೂ ಮೂರರಲ್ಲೊಂದು ಸುತ್ತು ತಿರುಗುತ್ತದೆ. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ದಕ್ಷಿಣದ ರಾಜ್ಯಗಳ ವಿದ್ಯುಜ್ಜಾಲ ಬೇಡಿಕೆ ಏರಿದ ಹೊತ್ತಿನಲ್ಲಿ 49ಕ್ಕೂ ಕೆಳಗಿಳಿಯುವುದು ಅಪರೂಪವಾಗಿರಲಿಲ್ಲ. 49ಕ್ಕೆ ಇಳಿಯಿತೆಂದರೆ ನೂರಕ್ಕೆ ಎರಡರಷ್ಟು ನಿಧಾನ. ಗಾಯಕರ ಷಡ್ಜವೂ ಅಷ್ಟೇ ಕೆಳಗೆ. ನಮ್ಮ ಶಾಸ್ತ್ರಕಾರರು ಹೇಳುವ ಪ್ರಮಾಣಶ್ರುತಿ 81ಕ್ಕೆ 80ರ ಅಂತರ, ಎಂದರೆ ನೂರಕ್ಕೆ ಒಂದೂಕಾಲು. ಅದಕ್ಕಿಂತಲೂ ಹೆಚ್ಚು ಇಳಿದಂತಾಯಿತು! ಹಾಡು, ಪಿಟೀಲು, ತಂಬೂರಿ ಎಲ್ಲವೂ ಒಟ್ಟಿಗೆ ಇಳಿಯುವುದರಿಂದ ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡವನಿಗೆ ಮಾತ್ರ ಅದು ಸ್ಪಷ್ಟವಾಗಿ ತಿಳಿದೀತು. ಉಳಿದವರಿಗೆ ಏನೋ ಒಂದು ಬಗೆಯ ಆಲಸ್ಯ, ಅಷ್ಟೆ.

ಆದರೆ ಆ ಕಾಲ ಮುಗಿಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದಿಂದ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಒಂದಾಯಿತು. ಈಗ ಆವರ್ತ 49.90ರಿಂದ 50.05ರ ನಡುವೆ ಇರಬೇಕೆಂಬುದು ನಿಯಮ. ಇನ್ನು ವೋಲ್ಟೇಜು. ಅದು ಹತ್ತನೆಯ ಒಂದು ಪಾಲು ಕುಗ್ಗಿತೆನ್ನಿ. ಹಳೆಯ ವಾಲ್ವಿನ ಆಂಪ್ಲಿಫೈಯರಿನಲ್ಲಿ ಅದರ ಗರಿಷ್ಠ ಶಕ್ತಿ ಸುಮಾರು ಐದನೆಯ ಒಂದು ಪಾಲು ಇಳಿಯಬಹುದು. ಭಯಂಕರವಾಗಿ ಕೇಳಿಸುತ್ತದಲ್ಲವೆ? ಕಿವಿಯ ಲೆಕ್ಕದಲ್ಲಿ ಅದು ಒಂದು ಡೆಸಿಬೆಲ್ಲಿಗೂ ಕಡಿಮೆ. ಅದೂ ಯಂತ್ರವನ್ನು ತುತ್ತತುದಿಗೆ ದುಡಿಸಿದಾಗಿನ ಮಾತು. ಟ್ರಾನ್ಸಿಸ್ಟರಿನ ಯಂತ್ರಗಳಲ್ಲಂತೂ ಸೂಕ್ಷ್ಮವಾದ ಭಾಗಗಳಿಗೆ ಹೋಗುವ ವಿದ್ಯುತ್ತನ್ನು ಯಂತ್ರವೇ ಒಳಗೆ ಹದಗೊಳಿಸಿಕೊಳ್ಳುತ್ತದೆ.

ಇಷ್ಟನ್ನೂ ಮೊದಲೇ ಯೋಚಿಸದೆ ಮಿತ್ರರಿಗೆ ನಾನು ಒಂದು ದೊಡ್ಡ ಸ್ಟೆಬಿಲೈಸರನ್ನು ಕೊಳ್ಳಿರೆಂದು ಹೇಳಿದೆ. ಅವರು ಕೊಂಡರು. ಮೊದಲ ವಾರ ಇಬ್ಬರೂ ಅದರ ಗುಣಗಾನದಲ್ಲಿ ಮೈಮರೆತೆವು. ಹಣ ಕೊಟ್ಟ ಕಿವಿ ಬೇರೆಯೇ ಬಗೆಯಲ್ಲಿ ಕೇಳುತ್ತದೆ. ಎರಡನೆಯ ವಾರ ಅವರ ಮೊಮ್ಮಗಳು, ಕಾಲೇಜಿನ ಹುಡುಗಿ, “ತಾತ, ನೀವಿಬ್ಬರೂ ಗೋಡೆಗೆ ಮುಖಮಾಡಿ ಕುಳಿತುಕೊಳ್ಳಿ” ಎಂದಳು. ದೂರು ಇದ್ದದ್ದು ಸಂಜೆಯ ಮೇಲೆ. ಆದ್ದರಿಂದ ಸಂಜೆಯೇ ಪರೀಕ್ಷೆ. ಸ್ಟೆಬಿಲೈಸರಿಗೆ ಒಳಬರುತ್ತಿದ್ದದ್ದು 212 ವೋಲ್ಟು, ಹೊರಗೆ 230. ಒಮ್ಮೆ ಅದರ ಮೂಲಕ, ಒಮ್ಮೆ ನೇರವಾಗಿ, ಅವಳ ಮನಸ್ಸಿಗೆ ಬಂದ ಕ್ರಮದಲ್ಲಿ, ಒಂದೇ ಆಲಾಪನೆಯ ಒಂದೇ ತುಣುಕನ್ನು ಇಪ್ಪತ್ತು ಸಲ ಕೇಳಿಸಿದಳು. ಮಿತ್ರರು ಹನ್ನೊಂದು ಸಲ ಸರಿಯಾಗಿ ಹೇಳಿದರು, ನಾನು ಒಂಬತ್ತು ಸಲ. ನಾಣ್ಯ ಚಿಮ್ಮಿದ್ದರೂ ಇಷ್ಟು ಬರುತ್ತಿತ್ತು. ಅದೇ ರಾತ್ರಿ ಹನ್ನೊಂದಕ್ಕೆ, ಸ್ಟೆಬಿಲೈಸರಿನಿಂದ ಅದೇ 230 ವೋಲ್ಟು ಹೊರಡುತ್ತಿರುವಾಗ, ಮತ್ತೆ ಆ ತುಣುಕನ್ನು ಹಾಕಿದೆವು. ಸಂಗೀತ ಅರಳಿತು. ತಂಬೂರಿ ಎಣಿಕೆಗೆ ಸಿಕ್ಕಿತು. ಮಿತ್ರರು ಏನೂ ಮಾತಾಡಲಿಲ್ಲ. ಆ ಮೌನ ನನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಬದಲಾಗಿದ್ದದ್ದು ಏನು? ಹುಡುಗಿ ತನ್ನ ಕೈಫೋನಿನಲ್ಲಿ ಕೋಣೆಯ ಸದ್ದನ್ನು ಅಳೆದಿದ್ದಳು. ಅದು ನಿಖರವಾದ ಸಾಧನವಲ್ಲ, ಆದರೂ ಅಂದಾಜಿಗೆ ಸಾಕು. ಸಂಜೆ, ಸಂಗೀತವಿಲ್ಲದಾಗ, 52 ಡೆಸಿಬೆಲ್, ರಾತ್ರಿ 33. ಹತ್ತು ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ಹತ್ತುಪಟ್ಟು. ಹತ್ತೊಂಬತ್ತೆಂದರೆ ಸುಮಾರು ಎಂಬತ್ತುಪಟ್ಟು! ರಸ್ತೆಯ ಮೊರೆತ, ಫ್ಯಾನು, ಅಡಿಗೆಮನೆಯ ಕುಕ್ಕರು, ಎದುರುಮನೆಯ ಟೀವಿ ಎಲ್ಲವೂ ಸೇರಿ ಒಂದು ಕಂಬಳಿಯಾಗಿ ಸಂಗೀತದ ಮೇಲೆ ಮಲಗಿರುತ್ತವೆ. ಹಾಡಿನ ಎತ್ತರದ ಭಾಗಗಳು ಕಂಬಳಿಯಿಂದ ಹೊರಗೆ ತಲೆ ಹಾಕುತ್ತವೆ. ಮುಚ್ಚಿಹೋಗುವವು ಯಾವುವು? ಮೀಟಿದ ತಂತಿಯ ನಾದ ಕರಗುವ ಕೊನೆಯ ಗಳಿಗೆ, ಗಾಯಕಿಯ ಉಸಿರು, ಮೃದಂಗದ ಎಡಭಾಗದ ಮೇಲೆ ಅಂಗೈ ಜಾರುವ ಸದ್ದು, ಎರಡು ಸ್ವರಗಳ ನಡುವಣ ಬರಿದು. ಆ ಗಾಯಕಿ ಆ ದಿನ ನಿಜವಾಗಿ ಹಾಡಿದರು, ನಮ್ಮ ಮುಂದೆಯೇ ಹಾಡುತ್ತಿದ್ದಾರೆ ಎನ್ನಿಸುವುದು ಇವುಗಳಿಂದಲೇ. ಯಂತ್ರ ಇವನ್ನು ಸಂಜೆಯೂ ಕೊಡುತ್ತಿತ್ತು; ನಾವು ಪಡೆಯುತ್ತಿರಲಿಲ್ಲ.

ಕಿವಿಯದ್ದೂ ಒಂದು ಪಾಲಿದೆ. ಹಗಲೆಲ್ಲ ಹಾರನ್ನುಗಳ ನಡುವೆ ಓಡಾಡಿದ ಕಿವಿ ತಾತ್ಕಾಲಿಕವಾಗಿ ಮಂದವಾಗುತ್ತದೆ. ಕೆಲವು ಗಂಟೆಗಳ ವಿರಾಮ ಸಿಕ್ಕಿದ ಮೇಲೆ ತಿಳಿಯಾಗುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೇಳುವವರು ಇನ್ನೂ ಪುಣ್ಯವಂತರು. ಭೂಪಾಳವನ್ನು ಬೆಳಗಿಗೂ ನೀಲಾಂಬರಿಯನ್ನು ಇರುಳಿಗೂ ಇಟ್ಟವರು ಸದ್ದಿನ ಲೆಕ್ಕ ಹಾಕಿದ್ದರೆಂದು ನಾನು ವಾದಿಸಲಾರೆ. ಆದರೂ ಸೂಕ್ಷ್ಮವಾದ ಗಮಕಗಳಿಗೆ ಈ ಎರಡು ಹೊತ್ತೂ ಒಪ್ಪುತ್ತವೆಂಬುದನ್ನು ಅಲ್ಲಗಳೆಯಲೂ ಆರೆ.

ರೇಡಿಯೋ ಕಾಲದವರಿಗೆ ಇನ್ನೊಂದು ನೆನಪು ಇದ್ದೀತು: ಕತ್ತಲಾದ ಮೇಲೆ ಮಧ್ಯಮ ತರಂಗದಲ್ಲಿ ದೂರದೂರುಗಳ ನಿಲಯಗಳು ತೇಲಿಬರುತ್ತಿದ್ದುವು. ಅದು ಭ್ರಮೆಯಲ್ಲ, ಹಗಲಲ್ಲಿ ಆ ತರಂಗಗಳನ್ನು ನುಂಗುವ ಮೇಲುಗಾಳಿಯ ಪದರವೊಂದು ಸೂರ್ಯ ಮುಳುಗಿದ ಮೇಲೆ ಇಲ್ಲವಾಗುತ್ತದೆ. ರಾತ್ರಿಯೇ ಮೇಲು ಎಂಬ ನಮ್ಮ ಸಂಸ್ಕಾರಕ್ಕೆ ಇದೂ ಒಂದು ಬೇರಿರಬಹುದು.

ಹಾಗಾದರೆ ರಾತ್ರಿ ಹನ್ನೊಂದಕ್ಕೆ ಕೇಳಿದರಾಯಿತು ಎನ್ನುವಿರೋ? ತೊಡಕು ಇರುವುದು ಅಲ್ಲಿಯೇ. ನನ್ನ ಗೋಡೆಯ ಆಚೆ ಒಂದು ಹಸುಗೂಸು ಮಲಗಿದೆ. ನನಗೆ ನೀಲಾಂಬರಿಯಾದದ್ದು ಆ ತಾಯಿಗೆ ಗದ್ದಲ. ಸದ್ದನ್ನು ತಗ್ಗಿಸಲೇಬೇಕು. ತಗ್ಗಿಸಿದೊಡನೆ ಮೃದಂಗದ ಗುಮುಕಿ ಮಾಯವಾಗುತ್ತದೆ. ಇದೂ ಯಂತ್ರದ ದೋಷವಲ್ಲ: ಸದ್ದು ಕಿರಿದಾದಂತೆ ನಮ್ಮ ಕಿವಿ ಮಂದ್ರದ ನಾದಗಳನ್ನು ಹೆಚ್ಚು ಬೇಗ ಕೈಬಿಡುತ್ತದೆಂದು ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದರು. ಹಿಂದಿನ ಆಂಪ್ಲಿಫೈಯರುಗಳಲ್ಲಿ ಈ ಕೊರತೆಯನ್ನು ತುಂಬಲೆಂದೇ ‘ಲೌಡ್‌ನೆಸ್’ ಎಂಬ ಗುಂಡಿ ಇರುತ್ತಿತ್ತು. ಶುದ್ಧತೆಯ ವ್ರತ ಹಿಡಿದ ರಸಿಕರು ಅದನ್ನು ಅಸ್ಪೃಶ್ಯವಾಗಿ ಕಂಡರು; ಎಷ್ಟೋ ಯಂತ್ರಗಳಿಂದ ಅದು ಕಣ್ಮರೆಯಾಯಿತು. ಸಾವಿರಾರು ರೂಪಾಯಿಗಳ ತಂತಿಗಳನ್ನು ಕೊಳ್ಳುವ ಮಹನೀಯರು ನೆರೆಮನೆಯ ಮಗುವನ್ನು ಎಬ್ಬಿಸದೆ ಮೃದಂಗ ಕೇಳಿಸುವ ಈ ಬಡ ಗುಂಡಿಯನ್ನು ಏತಕ್ಕೆ ಹಳಿಯಬೇಕೋ ನನಗೆ ತಿಳಿಯದು.

ನನ್ನ ಅಸಮಾಧಾನವಿರುವುದು ನಮ್ಮ ಹಗಲಿನ ಮೇಲೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ಲಿನ ಮಿತಿಯನ್ನು ವಿಧಿಸಿವೆ. ನಮ್ಮ ಬೀದಿಯಲ್ಲಿ ಮದುವೆಯ ಮೆರವಣಿಗೆಯೊಂದು ಹೊರಟರೆ ಆ ಅಂಕಿಗಳನ್ನು ಯಾರು ಕೇಳುತ್ತಾರೆ? ಸಂಜೆಯ ಏಳು ಗಂಟೆ ದುಡಿದು ಮನೆಗೆ ಬಂದವನ ಹೊತ್ತು. ಅವನಿಗೆ ಸಂಗೀತ ಬೇಕಾದದ್ದು ಆಗಲೇ. ಅದನ್ನು ಕಳೆದುಕೊಂಡು, ನಿದ್ದೆಗೆಟ್ಟು ನಡುರಾತ್ರಿಯಲ್ಲಿ ಕೇಳುವುದನ್ನು ರಸಿಕತೆಯೆಂದು ಕೊಂಡಾಡುವುದು ನನಗೆ ಸರಿಬರುವುದಿಲ್ಲ. ಬೀದಿಯನ್ನು ತಿದ್ದುವುದು ನನ್ನೊಬ್ಬನಿಂದಾಗದು. ನಾನು ಮಾಡಿದ್ದು ಇಷ್ಟೆ: ರಸ್ತೆಯ ಕಡೆಯ ಕೋಣೆಯಿಂದ ಹಿತ್ತಲಿನ ಕೋಣೆಗೆ ಸ್ಪೀಕರುಗಳನ್ನು ಸಾಗಿಸಿದೆ, ಕಿಟಕಿಗೆ ದಪ್ಪ ಪರದೆ ಕಟ್ಟಿಸಿದೆ, ಕೇಳುವಷ್ಟು ಹೊತ್ತು ಫ್ಯಾನನ್ನು ನಿಲ್ಲಿಸುತ್ತೇನೆ. ಬೇಸಿಗೆಯಲ್ಲಿ ಈ ಕೊನೆಯದು ತಪಸ್ಸೇ ಸರಿ.

ಮೊನ್ನೆ ಮಿತ್ರರ ಮನೆಗೆ ಹೋಗಿದ್ದೆ. ಅವರೂ ತಮ್ಮ ಯಂತ್ರವನ್ನು ಹಿಂದಿನ ಕೋಣೆಗೆ ಒಯ್ದಿದ್ದಾರೆ. ಇನ್ನೂ ಏಳೂವರೆ, ತೋಡಿಯಲ್ಲಿ ತಂಬೂರಿ ಚೆನ್ನಾಗಿಯೇ ಕೇಳುತ್ತಿತ್ತು. ಸ್ಟೆಬಿಲೈಸರು ಎಲ್ಲಿಯೆಂದು ಕೇಳಲು ನನಗೆ ಬಾಯಿ ಬರಲಿಲ್ಲ. ನೀರು ಕುಡಿಯಲು ಅಡಿಗೆಮನೆಗೆ ಹೋದಾಗ ಕಂಡಿತು: ರೆಫ್ರಿಜರೇಟರಿನ ಪಕ್ಕದಲ್ಲಿ, ಹಸಿರು ದೀಪ ಉರಿಸಿಕೊಂಡು.